ಕ್ವೆಂಚ್ಡ್ ಲ್ಯಾಟಿಸ್‌ನಲ್ಲಿ ಪ್ರೋಟಾನ್ 1.4 ಜಿಇವಿ ತೂಗುತ್ತಿದೆ, ಪ್ಲಾಟೋ ಕೂಡ ನಿಲ್ಲುತ್ತಿಲ್ಲ. ಎಲ್ಲಿ ನೋಡಬೇಕು?

ಕಪ್ಪಾಕಿಟ್ಟಿ

ಎಲ್ಲರಿಗೂ ನಮಸ್ಕಾರ. ಲ್ಯಾಟಿಸ್ ಕ್ಯೂಸಿಡಿಯಲ್ಲಿ (ಕ್ವಾರ್ಕ್‌ಗಳ ಬಲವನ್ನು ಸ್ಥಳ–ಕಾಲದ ಜಾಲರಿಯ ಮೇಲೆ ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕುವ ವಿಧಾನ) ಪಯಾನ್, ರೋ, ಪ್ರೋಟಾನ್ ಮೂರರ ದ್ರವ್ಯರಾಶಿ ಲೆಕ್ಕ ಹಾಕುವ ಎಂಎಸ್ಸಿ ಪ್ರಾಜೆಕ್ಟ್ ಇದು. ಪಯಾನ್ ಸಲೀಸಾಗಿ ಬಂತು, ಪ್ರೋಟಾನ್ ಹಿಡಿತಕ್ಕೆ ಸಿಗುತ್ತಿಲ್ಲ.

ಸೆಟಪ್ ಹೀಗಿದೆ. ವಿಲ್ಸನ್ ಗೇಜ್ ಆ್ಯಕ್ಷನ್, ಬೀಟಾ (ಜಾಲರಿಯ ಅಂತರ ನಿರ್ಧರಿಸುವ ಸಂಖ್ಯೆ) 6.0, ಕ್ವೆಂಚ್ಡ್ (ನಿರ್ವಾತದಲ್ಲಿ ಹುಟ್ಟಿ ಅಳಿಯುವ ಕ್ವಾರ್ಕ್ ಜೋಡಿಗಳನ್ನು ಬಿಟ್ಟ ಲೆಕ್ಕ). ಲ್ಯಾಟಿಸ್ 16³×32. ಸಾದಾ ವಿಲ್ಸನ್ ಫರ್ಮಿಯಾನ್, ಜಾಲರಿಯ ದೋಷ ತಗ್ಗಿಸುವ ಕ್ಲೋವರ್ ಪದ ಇಲ್ಲ. ಕಪ್ಪಾ (ಕ್ವಾರ್ಕ್‌ನ ಭಾರ ನಿರ್ಧರಿಸುವ ಸಂಖ್ಯೆ, ಏರಿದಷ್ಟೂ ಕ್ವಾರ್ಕ್ ಹಗುರ) 0.1530 ಮತ್ತು 0.1550. ಕ್ವಾರ್ಕ್‌ಗೆ ಕಾಲದ ದಿಕ್ಕಿನಲ್ಲಿ ಆ್ಯಂಟಿಪೀರಿಯಾಡಿಕ್ ಗಡಿ. ಸೋರ್ಸ್ (ಕಣ ಹುಟ್ಟುವ ಜಾಗ) ಪಾಯಿಂಟ್, ಸಿಂಕ್ (ಮುಗಿಯುವ ಜಾಗ) ಕೂಡ ಪಾಯಿಂಟ್. ಒಟ್ಟು 60 ಕಾನ್ಫಿಗರೇಶನ್ (ಗ್ಲೂಆನ್ ಕ್ಷೇತ್ರದ ಮಾದರಿಗಳು). ಪ್ರೊಪಗೇಟರ್ (ಕ್ವಾರ್ಕ್ ಸೋರ್ಸ್‌ನಿಂದ ಉಳಿದ ಬಿಂದುಗಳಿಗೆ ಸಾಗುವ ಲೆಕ್ಕ) ಕ್ರೋಮಾ ಎಂಬ ಲ್ಯಾಟಿಸ್ ಸಾಫ್ಟ್‌ವೇರ್‌ನಲ್ಲಿ, ಉಳಿದ ವಿಶ್ಲೇಷಣೆ ಪೈಥಾನ್‌ನಲ್ಲಿ.

ಕಪ್ಪಾ 0.1550ರಲ್ಲಿ ಪಯಾನ್‌ನ ಎಫೆಕ್ಟಿವ್ ಮಾಸ್ (ಸೋರ್ಸ್–ಸಿಂಕ್ ಕೋರಿಲೇಟರ್ ಕಾಲದೊಂದಿಗೆ ಇಳಿಯುವ ವೇಗ) ಲ್ಯಾಟಿಸ್ ಮಾನದಲ್ಲಿ 0.30ರ ಹತ್ತಿರ ಚೆನ್ನಾಗಿ ಸಮತಟ್ಟಾಗಿ ನಿಲ್ಲುತ್ತದೆ, ಪ್ಲಾಟೋ ಎಂದರೆ ಇದೇ. ಪ್ರೋಟಾನ್‌ನದು ಮಾತ್ರ 1ಕ್ಕಿಂತ ಮೇಲಿಂದ ಶುರುವಾಗಿ ಇಳಿಯುತ್ತಲೇ ಹೋಗುತ್ತದೆ. ಕಾಲ 10ರಲ್ಲಿ ಸುಮಾರು 0.67. 12 ದಾಟಿದರೆ ಎರರ್ ಬಾರ್ ಉಬ್ಬುತ್ತದೆ, 17–18ರ ಆಚೆ ಕೋರಿಲೇಟರ್‌ನ ಚಿಹ್ನೆಯೇ ತಿರುಗುತ್ತದೆ. 0.67ನ್ನೇ ಒಪ್ಪಿಕೊಂಡು ಲ್ಯಾಟಿಸ್ ಅಂತರದ ವಿಲೋಮ 2.12 ಜಿಇವಿಯಿಂದ ಗುಣಿಸಿದರೆ 1.42 ಜಿಇವಿ. ನಿಜವಾದ ಪ್ರೋಟಾನ್ 938 ಎಂಇವಿ.

ಹೆಚ್ಚುವರಿ 480 ಎಂಇವಿ ಎಲ್ಲಿಂದ ಬಂತು? ಬರೀ ಕಾನ್ಫಿಗರೇಶನ್ ಹೆಚ್ಚಿಸಿದರೆ ಪ್ಲಾಟೋ ಸಿಗುತ್ತದೆಯೇ? ಇಲ್ಲವೇ ಕಪ್ಪಾವನ್ನು ನೇರವಾಗಿ 0.1571ಕ್ಕೆ ಏರಿಸಿ ಹಗುರ ಕ್ವಾರ್ಕ್‌ಗೇ ಹೋಗಿಬಿಡಲೇ?

ಪ್ಲಾಕೆಟ್ಪಾಟೀಲ

ದ್ರವ್ಯರಾಶಿ ಮಾತು ಆಮ್ಯಾಲ. ಮೊದಲ ಕೋಡ್ ನೆಟ್ಟಗ ಐತೋ ಇಲ್ಲೋ ನೋಡ್ರಿ.

ಬೀಟಾ 6.0ಕ್ಕ ಸರಾಸರಿ ಪ್ಲಾಕೆಟ್ (ಜಾಲರಿಯ ಪುಟ್ಟ ಚೌಕದ ನಾಕು ಲಿಂಕ್ ಮ್ಯಾಟ್ರಿಕ್ಸ್ ಗುಣಿಸಿ ತಗೊಂಡ ಟ್ರೇಸ್) 0.5937 ಬರಬೇಕು. ನಿಮ್ಮ ಅಳತಿ ಲ್ಯಾಟಿಸ್‌ನಾಗ ಒಂದೊಂದು ಕಾನ್ಫಿಗರೇಶನ್‌ಗೆ ನಾಕನೇ ದಶಮಾಂಶ ಅಲುಗಾಡತೈತಿ, ಅದು ಸಹಜ. ಸರಾಸರಿನ ಮೂರನೇ ದಶಮಾಂಶದಾಗ ತಪ್ಪಿದ್ರ ಬ್ಯಾರೆ ಏನೋ ಎಡವಟ್ಟು ಐತಿ ಅಂತ ತಿಳೀರಿ. ಮಿಲ್ಕ್ ಅನ್ನೋ ಇನ್ನೊಂದು ಲ್ಯಾಟಿಸ್ ಕೋಡ್ ಟ್ರೇಸನ್ನ 3ರಿಂದ ಭಾಗಿಸದ ಹಂಗ ಬರೀತದ, ಅಲ್ಲಿ ಅದೇ ಸಂಖ್ಯೆ 1.781 ಕಾಣತದ. ಅದಕ್ಕ ಗಾಬರಿ ಬ್ಯಾಡ. ಎಲ್ಲಾ ಲಿಂಕ್ ಯೂನಿಟ್ ಮ್ಯಾಟ್ರಿಕ್ಸ್ ಇಟ್ಟು ಶುರು ಮಾಡಿದ ಸರಣಿ, ರ್‍ಯಾಂಡಮ್ ಲಿಂಕ್‌ನಿಂದ ಶುರು ಮಾಡಿದ ಸರಣಿ, ಎರಡೂ ಒಂದೇ ಬೆಲೆಗೆ ಬಂದು ಕೂಡಬೇಕು. ಕೂಡೂಮಟ ಬಂದದ್ದನ್ನೆಲ್ಲಾ ಚೆಲ್ರಿ.

60 ಪ್ಲಾಕೆಟ್ ಬೆಲೆ ಒಂದು ಕಾಲಮ್‌ನಾಗ ಇಟ್ಟು ಸಾರ್ಟ್ ಮಾಡ್ರಿ. ಯಾವುದರ ಎರಡು ಕೊನೀ ಅಂಕಿಮಟ ಒಂದೇ ಇದ್ರ, ಜಾಬ್ ಅರ್ಧಕ್ಕ ನಿಂತು ಮತ್ತ ಶುರುವಾದಾಗ ರ್‍ಯಾಂಡಮ್ ನಂಬರ್ ಜನರೇಟರ್ ಹಳೇ ಕಾನ್ಫಿಗರೇಶನ್ ಜೋಡಿ ಹಳೇ ಸೀಡ್‌ಗೇ ಹೋಗೇತಿ ಅಂತ ಅರ್ಥ. ಒಂದೇ ಕಾನ್ಫಿಗರೇಶನ್ ಎರಡು ಸಲ ಎಣಿಸಿದ್ರ ಎರರ್ ಬಾರ್ ಸುಳ್ಳ ಸಣ್ಣ ಆಗತಾವ, ಇದು ಭಾಳ ಮಂದಿಗೆ ಗೊತ್ತೇ ಆಗೂದಿಲ್ಲ.

ಪ್ರೊಪಗೇಟರ್‌ಗೆ ಮೂರು ಪರೀಕ್ಷೆ. ಪಯಾನ್ ಕೋರಿಲೇಟರ್ ಅಂದ್ರ ಪ್ರೊಪಗೇಟರ್‌ನ ಎಲ್ಲಾ ಘಟಕದ ವರ್ಗದ ಮೊತ್ತ, ಅದಕ್ಕ ಅದು ಸರಾಸರಿಯೊಳಗ ಅಷ್ಟ ಅಲ್ಲ, ಒಂದೊಂದು ಕಾನ್ಫಿಗರೇಶನ್‌ನಾಗೂ, ಒಂದೊಂದು ಕಾಲದಾಗೂ ಧನಾತ್ಮಕ ಇರಲೇಬೇಕು. ಒಂದೇ ಒಂದು ಋಣ ಬೆಲೆ ಬಂದ್ರೂ ಬಗ್ ಐತಿ. ಎರಡನೇದ್ದು, ಕಾನ್ಫಿಗರೇಶನ್ ಮ್ಯಾಲೆ ರ್‍ಯಾಂಡಮ್ ಗೇಜ್ ಟ್ರಾನ್ಸ್‌ಫಾರ್ಮ್ ಹಾಕಿ ಮತ್ತ ಇನ್ವರ್ಟ್ ಮಾಡ್ರಿ, ಪಯಾನ್ ಆಗ್ಲಿ ಪ್ರೋಟಾನ್ ಆಗ್ಲಿ ಸಾಲ್ವರ್ ನಿಖರತೆ ಬಿಟ್ಟು ಒಂದು ಅಂಕಿನೂ ಬದಲಾಗಬಾರದು. ಮೂರನೇದ್ದು ಫ್ರೀ ಫೀಲ್ಡ್, ಅಂದ್ರ ಬಲನ ಇಲ್ಲದ ಲೆಕ್ಕ: 4³×64 ಪುಟ್ಟ ಲ್ಯಾಟಿಸ್‌ನಾಗ ಎಲ್ಲಾ ಲಿಂಕ್ ಯೂನಿಟ್ ಇಟ್ಟು, ಕಪ್ಪಾ 0.11 ಹಾಕ್ರಿ. ಬರಿಯ ದ್ರವ್ಯರಾಶಿ 1/(2×0.11) − 4, ಅಂದ್ರ 0.5455. ಕ್ವಾರ್ಕ್‌ನ ಪೋಲ್ ಮಾಸ್ 1.5455ರ ಲಾಗರಿದಮ್, 0.4353. ಪಯಾನ್ ಚಾನೆಲ್ ಅದರ ಎರಡು ಪಟ್ಟು, 0.8706. ಕಾಲ 10ರಿಂದ 20ರ ನಡುವ ಈ ಸಂಖ್ಯೆ ಬರಲಿಲ್ಲ ಅಂದ್ರ ಪ್ರೋಟಾನ್‌ಗೆ ಕೈ ಹಾಕಬ್ಯಾಡ್ರಿ. ಸಣ್ಣ ಲ್ಯಾಟಿಸ್ ಯಾಕಂದ್ರ, ದೊಡ್ಡದ್ರಾಗ ಮುಂದಿನ ಮೊಮೆಂಟಮ್ ಹತ್ತಿರ ಬಂದು ಕೂತು ಪ್ಲಾಟೋ ತಡ ಮಾಡತೈತಿ.

ಪೈಥಾನ್‌ನಾಗ ನೀವ ಕಂಟ್ರಾಕ್ಷನ್ (ಪ್ರೊಪಗೇಟರ್ ಜೋಡಿಸಿ ಕೋರಿಲೇಟರ್ ಕಟ್ಟೋ ಕೋಡ್) ಬರದಿದ್ರ ಇದೂ ನೋಡ್ರಿ. ಕ್ರೋಮಾದ ಗಾಮಾ ಮ್ಯಾಟ್ರಿಕ್ಸ್ ಡಿಗ್ರ್ಯಾಂಡ್–ರೋಸಿ ಬೇಸಿಸ್‌ನಾಗ ಇರತಾವ. ಅದು ಕೈರಲ್ ಬೇಸಿಸ್. ಅದ್ರಾಗ ಗಾಮಾ4 ಡಯಾಗನಲ್ ಅಲ್ಲ. ಪುಸ್ತಕದಾಗ ಡಿರಾಕ್ ಬೇಸಿಸ್ ನೋಡಿ, "ಮೊದಲ ಎರಡು ಸ್ಪಿನ್ ಘಟಕ ತಗೊಂಡ್ರ ಧನ ಪ್ಯಾರಿಟಿ" ಅಂತ ಹೊಂಟ್ರ ಎರಡೂ ಪ್ಯಾರಿಟಿ ಕಲಸಿ ಬರತಾವ. ಪ್ರೊಜೆಕ್ಟರ್ (1+ಗಾಮಾ4)/2ನ್ನ ಪೂರಾ ಮ್ಯಾಟ್ರಿಕ್ಸ್ ಆಗೇ ಗುಣಿಸ್ರಿ. ಚಾರ್ಜ್ ಕಾಂಜುಗೇಶನ್ ಮ್ಯಾಟ್ರಿಕ್ಸೂ ಅದೇ ಬೇಸಿಸ್‌ನದೇ ಇರಬೇಕು. ಎರಡು ಅಪ್ ಕ್ವಾರ್ಕ್ ಇರೂದ್ರಿಂದ ಪ್ರೋಟಾನ್‌ಗೆ ವಿಕ್ ಪದ (ಕ್ವಾರ್ಕ್ ಜೋಡಿಸೋ ರೀತಿ) ಎರಡು, ಎರಡನೇದ್ದು ಬಿಟ್ಟರ ಅದು ಪ್ರೋಟಾನೇ ಅಲ್ಲ.

ಫರ್ಮಿಪಟ್ಟಿ

ಪಾಟೀಲರು ಹೇಳಿದ ಪರೀಕ್ಷೆಗಳೆಲ್ಲ ಪಾಸಾದವು ಎಂದುಕೊಂಡು ಮುಂದೆ ಹೋಗುತ್ತೇನೆ. ನಿಮ್ಮ 1.42 ಜಿಇವಿ ಬಹುಮಟ್ಟಿಗೆ ಸರಿಯಾದ ಉತ್ತರವೇ. ನೀವು ಕೇಳಿದ ಪ್ರಶ್ನೆ ಬೇರೆ, ಲ್ಯಾಟಿಸ್ ಉತ್ತರಿಸಿದ ಪ್ರಶ್ನೆ ಬೇರೆ.

ಕಪ್ಪಾ 0.1550ರಲ್ಲಿ ನಿಮ್ಮ ಪಯಾನ್ 0.30 × 2.12, ಅಂದರೆ 636 ಎಂಇವಿ. ನಿಸರ್ಗದ ಪಯಾನ್ 140. ನೀವು ಇಟ್ಟಿರುವ "ಹಗುರ" ಕ್ವಾರ್ಕ್ ಸ್ಟ್ರೇಂಜ್ ಕ್ವಾರ್ಕ್‌ನಷ್ಟು ಭಾರದ್ದು. ಅಂಥ ಕ್ವಾರ್ಕ್‌ಗಳಿಂದ ಕಟ್ಟಿದ ಪ್ರೋಟಾನ್ 938 ತೂಗಿದ್ದರೇ ಅನುಮಾನ ಪಡಬೇಕಿತ್ತು. ಡೈನಮಿಕಲ್ ಕ್ವಾರ್ಕ್ ಇರುವ (ಅಂದರೆ ಕ್ವೆಂಚ್ಡ್ ಅಲ್ಲದ) ಲೆಕ್ಕಗಳಲ್ಲಿ ಕಂಡುಬಂದ ಒರಟು ನಿಯಮವೊಂದಿದೆ: ನ್ಯೂಕ್ಲಿಯಾನ್ ದ್ರವ್ಯರಾಶಿ ಸುಮಾರು 800 ಎಂಇವಿ ಕೂಡಿಸು ಪಯಾನ್ ದ್ರವ್ಯರಾಶಿ. 800 + 636 = 1436. ಕ್ವೆಂಚ್ಡ್‌ಗೆ ಇದನ್ನು ಅಂದಾಜಿಗಷ್ಟೇ ಬಳಸಿ, ಆದರೂ ನೀವು ಎಲ್ಲಿದ್ದೀರಿ ಎಂದು ಗೊತ್ತಾಗುತ್ತದೆ. (ಕೈರಲ್ ಪರ್ಟರ್ಬೇಶನ್ ಸಿದ್ಧಾಂತ ಪಯಾನ್ ದ್ರವ್ಯರಾಶಿಯ ವರ್ಗ ಮತ್ತು ಘನದ ಪದಗಳನ್ನು ನಿರೀಕ್ಷಿಸುತ್ತದೆ. ಡೇಟಾ ಮಾತ್ರ ಸರಳರೇಖೆಯಂತೆ ಕೂತುಬಿಟ್ಟಿದೆ. ಇದಕ್ಕೆ ಮನಸ್ಸಿಗೊಪ್ಪುವ ಕಾರಣವನ್ನು ನಾನಂತೂ ಓದಿಲ್ಲ.)

ನಿಸರ್ಗದ ಪಯಾನ್‌ಗೆ ಕಪ್ಪಾ ಎಷ್ಟಿರಬೇಕು ಎಂದು ಕಾಗದದ ಮೇಲೇ ನೋಡಬಹುದು. ಪಯಾನ್ ದ್ರವ್ಯರಾಶಿಯ ವರ್ಗ ಕ್ವಾರ್ಕ್ ದ್ರವ್ಯರಾಶಿಗೆ ಅನುಪಾತದಲ್ಲಿರುತ್ತದೆ. ಕ್ವಾರ್ಕ್ ದ್ರವ್ಯರಾಶಿ ಎಂದರೆ 1/ಕಪ್ಪಾ ಮತ್ತು 1/ಕ್ರಿಟಿಕಲ್ ಕಪ್ಪಾ (ಕ್ವಾರ್ಕ್ ದ್ರವ್ಯರಾಶಿ ಸೊನ್ನೆಯಾಗುವ ಕಪ್ಪಾ) ಇವುಗಳ ವ್ಯತ್ಯಾಸದ ಅರ್ಧ. ಈ ಬೀಟಾದಲ್ಲಿ ಸಾದಾ ವಿಲ್ಸನ್‌ಗೆ ಕ್ರಿಟಿಕಲ್ ಕಪ್ಪಾ 0.1572ರ ಹತ್ತಿರ. ಹಾಗಾದರೆ 0.1550ಕ್ಕೆ ಕ್ವಾರ್ಕ್ ದ್ರವ್ಯರಾಶಿ 0.045, ಪಯಾನ್ ವರ್ಗ 0.09, ಅನುಪಾತ 2. ಪಯಾನ್ 140 ಎಂಇವಿ ಎಂದರೆ ಲ್ಯಾಟಿಸ್ ಮಾನದಲ್ಲಿ 0.066, ವರ್ಗ 0.0044, ಬೇಕಾದ ಕ್ವಾರ್ಕ್ ದ್ರವ್ಯರಾಶಿ 0.0022, ಕಪ್ಪಾ ಸುಮಾರು 0.1571. ನೀವು ಕೇಳಿದ ಸಂಖ್ಯೆಯೇ ಅದು. ಆದರೆ ಅಲ್ಲಿಗೆ ನೇರ ಹೋಗಬೇಡಿ.

ವಿಲ್ಸನ್ ಫರ್ಮಿಯಾನ್ ಕೈರಲ್ ಸಿಮೆಟ್ರಿಯನ್ನು ಮುರಿಯುತ್ತದೆ, ಹಾಗಾಗಿ ಕ್ರಿಟಿಕಲ್ ಕಪ್ಪಾ ಒಂದು ಗಟ್ಟಿ ಗೋಡೆಯಲ್ಲ, ಕಾನ್ಫಿಗರೇಶನ್‌ನಿಂದ ಕಾನ್ಫಿಗರೇಶನ್‌ಗೆ ಅದು ಆಚೀಚೆ ಸರಿಯುತ್ತದೆ. ಕೆಲವು ಕಾನ್ಫಿಗರೇಶನ್‌ಗಳಲ್ಲಿ ಡಿರಾಕ್ ಆಪರೇಟರ್‌ನ ಒಂದು ಐಗನ್ ಬೆಲೆ ಸೊನ್ನೆಗೆ ತಾಗುವಷ್ಟು ಹತ್ತಿರ ಬರುತ್ತದೆ, ಆ ಒಂದರ ಪಯಾನ್ ಕೋರಿಲೇಟರ್ ಉಳಿದ 59ರ ಮೊತ್ತವನ್ನೂ ಮೀರಿಸುತ್ತದೆ. ಇವುಗಳಿಗೆ ಎಕ್ಸೆಪ್ಶನಲ್ ಕಾನ್ಫಿಗರೇಶನ್ ಎನ್ನುತ್ತಾರೆ. ಡೈನಮಿಕಲ್ ಲೆಕ್ಕದಲ್ಲಿ ಫರ್ಮಿಯಾನ್ ಡಿಟರ್ಮಿನೆಂಟ್ ಅಂಥವಕ್ಕೆ ಬರುವ ಸಂಭವವನ್ನೇ ತಗ್ಗಿಸುತ್ತದೆ. ಕ್ವೆಂಚ್ಡ್‌ನಲ್ಲಿ ಡಿಟರ್ಮಿನೆಂಟ್ ಇಲ್ಲ, ತಡೆಯುವವರೂ ಇಲ್ಲ. "ಕೆಟ್ಟ" ಕಾನ್ಫಿಗರೇಶನ್‌ಗಳನ್ನು ಕೈಯಿಂದ ಆರಿಸಿ ತೆಗೆದರೆ ಉಳಿದ ಸರಾಸರಿ ಯಾವ ಸಿದ್ಧಾಂತದ್ದೂ ಅಲ್ಲ. ಮೇಲಾಗಿ ಪಯಾನ್ 0.066 ಆದರೆ ಅದನ್ನು 16ರಿಂದ ಗುಣಿಸಿದಾಗ 1.06 ಬರುತ್ತದೆ. ಪಯಾನ್ ದ್ರವ್ಯರಾಶಿ ಗುಣಿಸು ಪೆಟ್ಟಿಗೆಯ ಬದಿ ಕನಿಷ್ಠ 4 ಇರಬೇಕು ಎಂಬುದು ರೂಢಿ. ಈಗ ನಿಮ್ಮದು 4.8 ಇದೆ, ಪಯಾನ್‌ಗೆ ಸಾಕು. ಪೆಟ್ಟಿಗೆಯ ಬದಿ 16 × 0.093 = 1.5 ಫರ್ಮಿ ಮಾತ್ರ ಪ್ರೋಟಾನ್‌ಗೆ ಇಕ್ಕಟ್ಟು, ದ್ರವ್ಯರಾಶಿಯನ್ನು ಸ್ವಲ್ಪ ಮೇಲಕ್ಕೆ ತಳ್ಳುತ್ತದೆ. ಸಾಧ್ಯವಿದ್ದರೆ 24³×48ಕ್ಕೆ ಹೋಗಿ, 2.2 ಫರ್ಮಿ ಸಿಗುತ್ತದೆ.

ಮಾಡಬೇಕಾದ್ದು ಇಷ್ಟು. 0.1530, 0.1540, 0.1550, 0.1555 ಹೀಗೆ ನಾಲ್ಕು ಕಪ್ಪಾ ಇಟ್ಟುಕೊಳ್ಳಿ. ಪಯಾನ್ ವರ್ಗವನ್ನು 1/ಕಪ್ಪಾ ಎದುರು ಎಳೆದು ನಿಮ್ಮದೇ ಕ್ರಿಟಿಕಲ್ ಕಪ್ಪಾ ತೆಗೆಯಿರಿ. ನ್ಯೂಕ್ಲಿಯಾನನ್ನು ಪಯಾನ್ ವರ್ಗದ ಎದುರು ಎಳೆದು ಕೆಳಕ್ಕೆ ಮುಂದುವರಿಸಿ. ಎಲ್ಲ ಕಪ್ಪಾಗಳಿಗೂ ಅವೇ ಕಾನ್ಫಿಗರೇಶನ್ ಬಳಸುವುದರಿಂದ ಬಿಂದುಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಅದಕ್ಕಾಗಿ ಇಡೀ ಎಕ್ಸ್‌ಟ್ರಾಪೊಲೇಶನ್ನನ್ನೇ ಜ್ಯಾಕ್‌ನೈಫ್ (ಒಂದೊಂದೇ ಮಾದರಿ ಬಿಟ್ಟು ಲೆಕ್ಕ ಮತ್ತೆ ಮಾಡಿ ಎರರ್ ತೆಗೆಯುವ ವಿಧಾನ) ಒಳಗೆ ಓಡಿಸಿ.

ಆ 2.12 ಜಿಇವಿ ಬಗ್ಗೆ ಒಂದು ಮಾತು. ಅದು ಸೋಮರ್ ಅಳತೆಯಿಂದ (ಭಾರದ ಎರಡು ಕ್ವಾರ್ಕ್‌ಗಳ ನಡುವಿನ ಬಲದಿಂದ ಹಿಡಿದ ಉದ್ದ) ಬಂದದ್ದು: ಬೀಟಾ 6.0ರಲ್ಲಿ ಸೋಮರ್ ದೂರ 5.37 ಲ್ಯಾಟಿಸ್ ಅಂತರ, ಅದನ್ನು 0.5 ಫರ್ಮಿ ಎಂದು ಇಟ್ಟುಕೊಂಡರೆ ಅಂತರ 0.093 ಫರ್ಮಿ. ರೋ ದ್ರವ್ಯರಾಶಿಯಿಂದ ಅಳತೆ ಹಿಡಿದರೆ 2.3ರ ಹತ್ತಿರ ಬರುತ್ತದೆ. ಯಾವುದು ಸರಿ ಎಂದು ಕೇಳಬೇಡಿ. ಕ್ವೆಂಚ್ಡ್ ಸಿದ್ಧಾಂತ ನಿಸರ್ಗವಲ್ಲ, ಎಲ್ಲ ಅಳತೆಗಳೂ ಅದರಲ್ಲಿ ಒಂದಕ್ಕೊಂದು ಹೊಂದುವುದಿಲ್ಲ. ಅದರ ಮೇಲೆ ಸಾದಾ ವಿಲ್ಸನ್ ಫರ್ಮಿಯಾನ್‌ನಲ್ಲಿ ಅಂತರದ ಮೊದಲ ಘಾತದ ದೋಷವೂ ಇದೆ. ಕ್ಲೋವರ್ ಪದ ಸೇರಿಸಿದರೆ ಅದು ಹೋಗುತ್ತದೆ, ಬೀಟಾ 6.0ಕ್ಕೆ ನಾನ್‌ಪರ್ಟರ್ಬೇಟಿವ್ ಗುಣಾಂಕ 1.769. ಆಗ ಕ್ರಿಟಿಕಲ್ ಕಪ್ಪಾ 0.1352ಕ್ಕೆ ಇಳಿಯುತ್ತದೆ ಎಂಬುದನ್ನು ಮರೆಯಬೇಡಿ. ಈಗಿನ 0.1550ನ್ನು ಅಲ್ಲೂ ಹಾಗೇ ಬಿಟ್ಟರೆ ಸಾಲ್ವರ್ ಎಷ್ಟು ಹೊತ್ತಾದರೂ ಮುಗಿಯುವುದಿಲ್ಲ.

ಸ್ಮಿಯರ್‌ಸುಮಾ

ಪ್ಲಾಟೋ ವಿಷಯಕ್ಕೆ ಬರುತ್ತೇನೆ. ಕಾನ್ಫಿಗರೇಶನ್ ಹೆಚ್ಚಿಸುವುದು ಇಲ್ಲಿ ಅತ್ಯಂತ ದುಬಾರಿ ದಾರಿ.

ಪ್ರೋಟಾನ್ ಕೋರಿಲೇಟರ್‌ನ ವರ್ಗದಲ್ಲಿ ಮೂರು ಕ್ವಾರ್ಕ್, ಮೂರು ಆ್ಯಂಟಿಕ್ವಾರ್ಕ್ ಇರುತ್ತವೆ. ಅವು ಮೂರು ಪಯಾನ್ ಆಗಿ ಹೋಗಬಲ್ಲವು. ಆದ್ದರಿಂದ ಗದ್ದಲ ಇಳಿಯುವ ವೇಗ ಒಂದೂವರೆ ಪಯಾನ್ ದ್ರವ್ಯರಾಶಿ, ಸಿಗ್ನಲ್ ಇಳಿಯುವ ವೇಗ ಪ್ರೋಟಾನ್ ದ್ರವ್ಯರಾಶಿ. ಪರೀಸಿ ಮತ್ತು ಲೆಪಾಜ್ 1980ರ ದಶಕದಲ್ಲೇ ಹೇಳಿಟ್ಟ ಲೆಕ್ಕ ಇದು. ನಿಮ್ಮ ಸಂಖ್ಯೆ ಹಾಕಿದರೆ (ಇನ್ನೂ ಇಳಿಯುತ್ತಿರುವ 0.67ನ್ನು 0.65 ಎಂದಿಟ್ಟು) 0.65 − 0.45 = 0.20. ಐದು ಕಾಲಹೆಜ್ಜೆಗೊಮ್ಮೆ ಸಿಗ್ನಲ್–ಗದ್ದಲ ಅನುಪಾತ 2.7 ಪಟ್ಟು ಕೆಡುತ್ತದೆ. ಕಾಲ 12ರಲ್ಲಿರುವ ಗುಣಮಟ್ಟ 17ರಲ್ಲೂ ಬೇಕೆಂದರೆ 7.4 ಪಟ್ಟು ಕಾನ್ಫಿಗರೇಶನ್, ಅಂದರೆ 440ರ ಮೇಲೆ. ನಿಸರ್ಗದ ಪಯಾನ್‌ನಲ್ಲಿ ಸ್ಥಿತಿ ಇನ್ನೂ ಕಷ್ಟ: 938 − 210 = 728 ಎಂಇವಿ, ಒಂದು ಫರ್ಮಿ ಮುಂದೆ ಹೋದರೆ ಅನುಪಾತ 40 ಪಟ್ಟು ಕೆಡುತ್ತದೆ, ಸರಿದೂಗಿಸಲು 1600 ಪಟ್ಟು ಡೇಟಾ ಬೇಕು. ಪಯಾನ್‌ನಲ್ಲಿ ಸಿಗ್ನಲ್ಲೂ ಗದ್ದಲವೂ ಒಂದೇ ವೇಗದಲ್ಲಿ ಇಳಿಯುವುದರಿಂದ ಅಲ್ಲಿ ನಿಮಗೆ ಏನೂ ಅನಿಸಲಿಲ್ಲ.

ಹಾಗಾಗಿ ದೂರದ ಕಾಲಕ್ಕೆ ಕಾಯುವ ಬದಲು ಹತ್ತಿರದ ಕಾಲವನ್ನು ಶುದ್ಧ ಮಾಡಬೇಕು. ಪಾಯಿಂಟ್ ಸೋರ್ಸ್ ಪ್ರೋಟಾನನ್ನಷ್ಟೇ ಅಲ್ಲ, ಅದರ ಎಲ್ಲ ಉದ್ರಿಕ್ತ ಸ್ಥಿತಿಗಳನ್ನೂ ಧಾರಾಳವಾಗಿ ಎಬ್ಬಿಸುತ್ತದೆ. ಸೋರ್ಸ್ ಪ್ರೋಟಾನ್‌ನಷ್ಟೇ ಅಗಲ ಇದ್ದರೆ ಅವು ತಗ್ಗುತ್ತವೆ. ಇದಕ್ಕೆ ಸೋರ್ಸನ್ನು ಸುತ್ತ ಹರಡುವ ಗೇಜ್ ಕೋವೇರಿಯಂಟ್ ಗಾಸಿಯನ್ ಸ್ಮಿಯರಿಂಗ್ ಬಳಸಿ. ಕ್ರೋಮಾದಲ್ಲಿ ಕೇಳುವುದು ಎರಡೇ ಸಂಖ್ಯೆ, ಅಗಲ ಮತ್ತು ಪುನರಾವರ್ತನೆ. ಅಗಲ 4 ಎಂದರೆ ಸೋರ್ಸ್ ಆಕಾರದ (ವರ್ಗ ಮಾಡದೆ ತೂಗಿದ) ಆರ್‌ಎಂಎಸ್ ತ್ರಿಜ್ಯ ಅದರ 1.22 ಪಟ್ಟು, 4.9 ಅಂತರ, ಅಂದರೆ ಸುಮಾರು 0.46 ಫರ್ಮಿ. ಶುರುಮಾಡಲು ಇದು ಒಳ್ಳೆಯ ಬೆಲೆ. ಪುನರಾವರ್ತನೆ ಅಗಲದ ವರ್ಗದ ಮೂರು ಪಟ್ಟಿಗಿಂತ ಹೆಚ್ಚಿರಲಿ, ಇಲ್ಲಿ 48ಕ್ಕೆ 50. ವರ್ಗದ ಒಂದೂವರೆ ಪಟ್ಟಿಗಿಂತ ಕಡಿಮೆ ಇಟ್ಟರೆ ಹೈ ಮೊಮೆಂಟಮ್ ಭಾಗ ಪ್ರತಿ ಸುತ್ತಿಗೂ ದೊಡ್ಡದಾಗುತ್ತ ಹೋಗಿ, ನುಣುಪಾಗಬೇಕಾದ ಸೋರ್ಸ್ ಮುಳ್ಳುಮುಳ್ಳಾಗುತ್ತದೆ. ಎರರ್ ಮೆಸೇಜ್ ಏನೂ ಬರುವುದಿಲ್ಲ, ಬರೀ ಕೆಟ್ಟ ಪ್ಲಾಟೋ ಬರುತ್ತದೆ.

ಸ್ಮಿಯರಿಂಗ್‌ಗೆ ಬಳಸುವ ಲಿಂಕ್‌ಗಳನ್ನು ಮೊದಲು ನಯ ಮಾಡಿಕೊಳ್ಳಿ, ಬರೀ ಸ್ಥಳದ ಮೂರು ದಿಕ್ಕಿನಲ್ಲಿ. ಸ್ಟೌಟ್ ವಿಧಾನವಾದರೆ ಅದರ ರೋ ಗುಣಾಂಕ 0.1, ಹತ್ತು ಸುತ್ತು ಸಾಕು, ಏಪ್ ಸ್ಮಿಯರಿಂಗ್ ಆದರೂ ನಡೆದೀತು. ಒರಟು ಲಿಂಕ್ ಮೇಲೆ 50 ಸುತ್ತು ಗಾಸಿಯನ್ ಓಡಿಸಿದರೆ ಸೋರ್ಸ್‌ನ ಆಕಾರವೇ ಕಾನ್ಫಿಗರೇಶನ್‌ನಿಂದ ಕಾನ್ಫಿಗರೇಶನ್‌ಗೆ ಕುಣಿಯುತ್ತದೆ, ನೀವು ಕಳೆಯಲು ಹೊರಟ ಗದ್ದಲ ಇನ್ನೊಂದು ಬಾಗಿಲಿಂದ ಒಳಗೆ ಬರುತ್ತದೆ. ನಯಗೊಳಿಸಿದ ಲಿಂಕ್ ಸೋರ್ಸ್‌ಗೂ ಸಿಂಕ್‌ಗೂ ಮಾತ್ರ. ಡಿರಾಕ್ ಆಪರೇಟರ್‌ಗೆ ಮೂಲ ಲಿಂಕೇ ಹೋಗಬೇಕು.

ಸಿಂಕ್‌ನಲ್ಲಿ ಎರಡು ರೀತಿ ಇಟ್ಟುಕೊಳ್ಳಿ. ಒಂದೇ ಪ್ರೊಪಗೇಟರ್‌ನಿಂದ ಎರಡೂ ಸಿಗುತ್ತವೆ, ಮತ್ತೆ ಇನ್ವರ್ಟ್ ಮಾಡಬೇಕಿಲ್ಲ. ಸೋರ್ಸ್–ಸಿಂಕ್ ಎರಡೂ ಸ್ಮಿಯರ್ ಆದದ್ದರಲ್ಲಿ ಎಲ್ಲ ಸ್ಥಿತಿಗಳ ಗುಣಾಂಕವೂ ಧನ, ಎಫೆಕ್ಟಿವ್ ಮಾಸ್ ಮೇಲಿನಿಂದಲೇ ಇಳಿದು ಬರುತ್ತದೆ. ಸೋರ್ಸ್ ಸ್ಮಿಯರ್, ಸಿಂಕ್ ಪಾಯಿಂಟ್ ಆದದ್ದಕ್ಕೆ ಗದ್ದಲ ಕಡಿಮೆ, ಆದರೆ ಗುಣಾಂಕ ಋಣವಾಗಬಹುದು, ಕೆಳಗಿನಿಂದ ಏರಿ ಬರಲೂಬಹುದು, ನಡುವೆ ಸುಳ್ಳು ಪ್ಲಾಟೋ ತೋರಿಸಲೂಬಹುದು. ಎರಡೂ ಒಂದೇ ಬೆಲೆಗೆ ಸೇರಿದ ಕಾಲದಿಂದ ಮುಂದಕ್ಕೆ ಮಾತ್ರ ನಂಬಿ. ಆಗ ನಿಮ್ಮ 0.67 ಇನ್ನೂ ಸ್ವಲ್ಪ ಇಳಿಯುವುದನ್ನು ನೋಡುತ್ತೀರಿ, ಕಾಲ 10ರಲ್ಲಿ ಪಾಯಿಂಟ್ ಸೋರ್ಸ್ ಇನ್ನೂ ಪೂರ್ತಿ ಶುದ್ಧವಾಗಿರುವುದಿಲ್ಲ.

17–18ರ ಆಚೆ ಚಿಹ್ನೆ ತಿರುಗುವುದಕ್ಕೆ ಗದ್ದಲವಷ್ಟೇ ಕಾರಣವಲ್ಲ. (1+ಗಾಮಾ4)/2 ಪ್ರೊಜೆಕ್ಟರ್ ಇಟ್ಟರೆ ಮುಂದಕ್ಕೆ ಪ್ರೋಟಾನ್ ಹೋಗುತ್ತದೆ, ಗಡಿಯಿಂದ ಹಿಂದಕ್ಕೆ ಬರುವುದು ಅದರ ಋಣ ಪ್ಯಾರಿಟಿಯ ಜೋಡಿ, ನಿಸರ್ಗದಲ್ಲಿ 1535 ಎಂಇವಿ ಸ್ಥಿತಿ. ಎರಡರ ದ್ರವ್ಯರಾಶಿ ಬೇರೆ, ಗಡಿ ಆ್ಯಂಟಿಪೀರಿಯಾಡಿಕ್. ಹಾಗಾಗಿ ಪಯಾನ್‌ಗೆ ಬಳಸುವ ಕಾಶ್ ಸೂತ್ರವನ್ನು ಪ್ರೋಟಾನ್‌ಗೆ ಬಳಸುವ ಹಾಗಿಲ್ಲ. ಸರಳ ಲಾಗ್ ಅನುಪಾತ ಬಳಸಿ, ಅರ್ಧದಾಚೆಗಿನ ಕಾಲವನ್ನು (1−ಗಾಮಾ4)/2 ಪ್ರೊಜೆಕ್ಟರ್‌ನೊಂದಿಗೆ ಹಿಂದುಮುಂದು ಮಾಡಿ ಸರಾಸರಿಗೆ ಸೇರಿಸಿ. ಬಿಟ್ಟಿಯಾಗಿ ದುಪ್ಪಟ್ಟು ಡೇಟಾ ಸಿಕ್ಕಂತೆ. ಸೇರಿಸುವಾಗ ಚಿಹ್ನೆ ನೋಡಿಕೊಳ್ಳಿ, ತಪ್ಪಿದರೆ ಎರಡು ಅರ್ಧಗಳು ಒಂದನ್ನೊಂದು ಹೊಡೆದು ಹಾಕುತ್ತವೆ.

ಕಪ್ಪಾಕಿಟ್ಟಿ

ಸುಮಾ ಮೇಡಂ, ಪಾಟೀಲ ಸರ್, ಫರ್ಮಿಪಟ್ಟಿ ಸರ್, ತುಂಬಾ ಥ್ಯಾಂಕ್ಸ್. ಪ್ಲಾಕೆಟ್ 0.5937 ಬರುತ್ತಿದೆ, ಫ್ರೀ ಫೀಲ್ಡ್ ಕೂಡ ಹೊಂದಿತು. ಇನ್ನೆರಡು ಪ್ರಶ್ನೆ. ಫಿಟ್ ಮಾಡುವಾಗ ಕೋರಿಲೇಟೆಡ್ ಕೈ-ಸ್ಕ್ವೇರ್ ಪ್ರತಿ ಡಿಗ್ರಿ ಆಫ್ ಫ್ರೀಡಂಗೆ 3ರ ಮೇಲೆ ಬರುತ್ತಿದೆ, ಅನ್‌ಕೋರಿಲೇಟೆಡ್ ಮಾಡಿದರೆ 0.2. ಯಾವುದನ್ನು ಬರೆಯಲಿ? ಮತ್ತೆ, ನಾಲ್ಕು ಕಪ್ಪಾ, ಹಲವು ಸೋರ್ಸ್ ಅಂದರೆ ಎಷ್ಟು ಕಂಪ್ಯೂಟರ್ ಬೇಕು? ಕೈಯಲ್ಲಿರುವುದು ಒಂದು ವರ್ಕ್‌ಸ್ಟೇಷನ್.

ಜ್ಯಾಕ್‌ನೈಫ್ಜಯಣ್ಣ

0.2 ಬರೆಯಲೇಬೇಡಿ, ಅದಕ್ಕೆ ಅರ್ಥವಿಲ್ಲ. ಪಕ್ಕಪಕ್ಕದ ಕಾಲಗಳ ಕೋರಿಲೇಟರ್ ಬೆಲೆಗಳು ಒಂದೇ ಕಾನ್ಫಿಗರೇಶನ್‌ನಿಂದ ಬಂದವು, ಒಟ್ಟಿಗೇ ಏರುತ್ತವೆ, ಒಟ್ಟಿಗೇ ಇಳಿಯುತ್ತವೆ. ಅವನ್ನು ಸ್ವತಂತ್ರ ಎಂದುಕೊಂಡರೆ ಯಾವ ಗೆರೆಯಾದರೂ ಚೆನ್ನಾಗಿ ಹೊಂದಿದ ಹಾಗೆ ಕಾಣುತ್ತದೆ.

3 ಬಂದದ್ದಕ್ಕೆ ಎರಡು ಕಾರಣ ಇರಬಹುದು. ಒಂದು, ಫಿಟ್ ಕಿಟಕಿ ಬೇಗ ಶುರುವಾಗಿ ಉದ್ರಿಕ್ತ ಸ್ಥಿತಿ ಒಳಗೆ ಬಂದಿದೆ. ಇನ್ನೊಂದು, 60 ಮಾದರಿಯಿಂದ 9×9 ಕೋವೇರಿಯನ್ಸ್ ಮ್ಯಾಟ್ರಿಕ್ಸ್ ಕಟ್ಟಿದ್ದೀರಿ. ಅದರ ಅತಿ ಸಣ್ಣ ಐಗನ್ ಬೆಲೆಗಳು ಇರಬೇಕಾದ್ದಕ್ಕಿಂತ ಸಣ್ಣದಾಗಿ ಬರುತ್ತವೆ, ವಿಲೋಮ ತೆಗೆದಾಗ ಅವೇ ದೊಡ್ಡದಾಗಿ ಕೈ-ಸ್ಕ್ವೇರನ್ನು ಆಳುತ್ತವೆ. ಯಾವುದು ಎಂದು ತಿಳಿಯಲು ಕಿಟಕಿಯ ಎಡ ಅಂಚನ್ನು ಒಂದೊಂದೇ ಹೆಜ್ಜೆ ಬಲಕ್ಕೆ ಸರಿಸಿ. ದ್ರವ್ಯರಾಶಿ ಇಳಿಯುತ್ತ ಕೈ-ಸ್ಕ್ವೇರೂ ಇಳಿದರೆ ಮೊದಲನೆಯದು. ದ್ರವ್ಯರಾಶಿ ಅಲ್ಲೇ ನಿಂತು ಕೈ-ಸ್ಕ್ವೇರ್ ಮಾತ್ರ ಹಠ ಮಾಡಿದರೆ ಎರಡನೆಯದು, ಆಗ ಕಿಟಕಿಯನ್ನು ಐದಾರು ಬಿಂದುವಿಗೆ ಕಿರಿದು ಮಾಡಿ ಅಥವಾ ಮಾದರಿ ಹೆಚ್ಚಿಸಿ. ಎರಡು ಎಕ್ಸ್‌ಪೊನೆನ್ಶಿಯಲ್ ಫಿಟ್ ಕೂಡ ಮಾಡಿ ನೋಡಿ, ಕೆಳಗಿನ ದ್ರವ್ಯರಾಶಿ ಒಂದು ಎಕ್ಸ್‌ಪೊನೆನ್ಶಿಯಲ್‌ನದಕ್ಕೆ ಎರರ್ ಒಳಗೆ ಹೊಂದಬೇಕು.

ಎಫೆಕ್ಟಿವ್ ಮಾಸನ್ನು ಕಾನ್ಫಿಗರೇಶನ್‌ಗೊಂದರಂತೆ ತೆಗೆದು ಸರಾಸರಿ ಮಾಡುವವರಿದ್ದಾರೆ, ಅದು ತಪ್ಪು. ಮೊದಲು ಕೋರಿಲೇಟರ್‌ನ ಸರಾಸರಿ, ಆಮೇಲೆ ಲಾಗ್. ಜ್ಯಾಕ್‌ನೈಫ್ ಎಂದರೆ ಒಂದು ಕಾನ್ಫಿಗರೇಶನ್ ಬಿಟ್ಟು ಉಳಿದ 59ರ ಮೇಲೆ ಇದೇ ಇಡೀ ಲೆಕ್ಕವನ್ನು ಮತ್ತೆ ಮಾಡುವುದು. ಪಕ್ಕದ ಎರಡು, ಆಮೇಲೆ ನಾಲ್ಕು ಕಾನ್ಫಿಗರೇಶನ್ ಕೂಡಿಸಿ ಬಿನ್ ಮಾಡಿ ನೋಡಿ. ಎರರ್ ಬೆಳೆಯುತ್ತ ಹೋದರೆ ಸರಣಿಯಲ್ಲಿ ಆಟೋಕೋರಿಲೇಶನ್ ಇದೆ, ಅಂತರ ಹೆಚ್ಚಿಸಬೇಕು. ಈ ಬೀಟಾದಲ್ಲಿ ಒಂದು ಹೀಟ್‌ಬಾತ್‌ಗೆ ನಾಲ್ಕು ಓವರ್‌ರಿಲ್ಯಾಕ್ಸೇಶನ್ (ಎರಡೂ ಲಿಂಕ್ ಬದಲಿಸುವ ವಿಧಾನಗಳು) ಸೇರಿಸಿದ ಸುತ್ತುಗಳು ನೂರಿನ್ನೂರು ಕಳೆದ ಮೇಲೊಂದು ಉಳಿಸಿಕೊಂಡರೆ ಹ್ಯಾಡ್ರಾನ್ ದ್ರವ್ಯರಾಶಿಗೆ ತೊಂದರೆ ಇಲ್ಲ. ಬೀಟಾ ಏರಿಸಿ 0.05 ಫರ್ಮಿಗಿಂತ ಕೆಳಗೆ ಹೋದರೆ ಕಥೆ ಬೇರೆ, ಟೊಪೊಲಾಜಿಕಲ್ ಚಾರ್ಜ್ (ಗ್ಲೂಆನ್ ಕ್ಷೇತ್ರದ ಸುತ್ತು ಎಣಿಸುವ ಸಂಖ್ಯೆ) ಹೆಪ್ಪುಗಟ್ಟಿ ಕೂರುತ್ತದೆ.

ಸೋರ್ಸ್ ಹೆಚ್ಚಿಸುವುದು ಅಗ್ಗ. ಒಂದೇ ಕಾನ್ಫಿಗರೇಶನ್‌ನಲ್ಲಿ ಕಾಲ 0, 8, 16, 24ರಲ್ಲಿ, ಸ್ಥಳದಲ್ಲೂ ಜಾಗ ಬದಲಿಸಿ ನಾಲ್ಕು ಸೋರ್ಸ್ ಇಡಿ. ಪ್ರೋಟಾನ್‌ಗೆ ಇವು ಹೆಚ್ಚುಕಡಿಮೆ ಸ್ವತಂತ್ರ. ಆದರೂ ನಾಲ್ಕನ್ನೂ ಮೊದಲು ಕೂಡಿಸಿ ಒಂದೇ ಮಾದರಿ ಮಾಡಿ, ಆಮೇಲೆ ಜ್ಯಾಕ್‌ನೈಫ್. 240 ಮಾದರಿ ಎಂದು ಎಣಿಸಬೇಡಿ.

ಖರ್ಚಿನ ಲೆಕ್ಕ. ವಿಲ್ಸನ್ ಡಿ-ಸ್ಲ್ಯಾಶ್ (ಡಿರಾಕ್ ಆಪರೇಟರ್‌ನಲ್ಲಿ ಪಕ್ಕದ ಬಿಂದುಗಳನ್ನು ಬೆಸೆಯುವ ಭಾಗ) ಒಂದು ಬಿಂದುವಿಗೆ 1320 ಫ್ಲಾಪ್ (ಗಣಿತ ಕ್ರಿಯೆ). ನಿಮ್ಮ ಲ್ಯಾಟಿಸ್‌ನಲ್ಲಿ 1,31,072 ಬಿಂದು. ಬಿಂದುಗಳನ್ನು ಈವನ್–ಆಡ್ ಎಂದು ವಿಂಗಡಿಸಿ ಸಿಜಿ (ಕಾಂಜುಗೇಟ್ ಗ್ರೇಡಿಯಂಟ್ ಸಾಲ್ವರ್) ಓಡಿಸಿದರೆ ಒಂದು ಸುತ್ತಿಗೆ ಡಿ-ಸ್ಲ್ಯಾಶ್ ಎರಡು ಸಲ, 35 ಕೋಟಿ ಫ್ಲಾಪ್. 500 ಸುತ್ತು ಎಂದಿಟ್ಟುಕೊಳ್ಳಿ, ಬಣ್ಣ 3 ಗುಣಿಸು ಸ್ಪಿನ್ 4 ಎಂದರೆ 12 ಕಾಲಮ್, ಒಂದು ಪ್ರೊಪಗೇಟರ್‌ಗೆ 2.1 ಲಕ್ಷ ಕೋಟಿ ಫ್ಲಾಪ್. ಸಿಪಿಯು ಎಷ್ಟು ಕೋರ್ ಎಂಬುದು ಇಲ್ಲಿ ಮುಖ್ಯವಲ್ಲ, ಮೆಮೊರಿ ಬ್ಯಾಂಡ್‌ವಿಡ್ತ್ ಮುಖ್ಯ: ಸಿಂಗಲ್ ಪ್ರಿಸಿಶನ್‌ನಲ್ಲಿ 1320 ಫ್ಲಾಪ್‌ಗೆ 1440 ಬೈಟ್ ಓಡಾಡುತ್ತವೆ. ಸೆಕೆಂಡಿಗೆ 40 ಜಿಬಿ ಕೊಡುವ ಯಂತ್ರದಲ್ಲಿ 35 ಗಿಗಾಫ್ಲಾಪ್ ಸುತ್ತಮುತ್ತ, ಅಂದರೆ ಪ್ರೊಪಗೇಟರ್‌ಗೆ ಒಂದು ನಿಮಿಷ. ನಡುವಿನ ಸೋರಿಕೆ ಸೇರಿಸಿ ಮೂರು ನಿಮಿಷ ಎನ್ನೋಣ. 60 ಕಾನ್ಫಿಗರೇಶನ್, 4 ಸೋರ್ಸ್, 4 ಕಪ್ಪಾ ಎಂದರೆ 960 ಪ್ರೊಪಗೇಟರ್, ಎರಡು ದಿನ. ಜಿಪಿಯು ಇದ್ದರೆ ಕ್ರೋಮಾವನ್ನು ಕ್ಯೂಡಾ ಲೈಬ್ರರಿ ಜೊತೆ ಕಟ್ಟಿಕೊಳ್ಳಿ, ಗಂಟೆಗಳ ಕೆಲಸವಾಗುತ್ತದೆ. ಇಲ್ಲಿ ಕ್ಯೂಡಾ (QUDA) ಎಂದರೆ ಎನ್‌ವಿಡಿಯಾದ ಪ್ರೋಗ್ರಾಮಿಂಗ್ ಭಾಷೆಯಲ್ಲ (ಅದು CUDA), ಲ್ಯಾಟಿಸ್‌ಗೆಂದೇ ಬರೆದ ಲೈಬ್ರರಿ. ಉಚ್ಚಾರ ಒಂದೇ ಥರ ಇರುವುದರಿಂದ ಇನ್‌ಸ್ಟಾಲ್ ಮಾಡುವಾಗ ಎಡವುವವರು ಬಹಳ.

ಸಾಲ್ವರ್‌ನ ರೆಸಿಡ್ಯುಯಲ್ (ಸಮೀಕರಣದಲ್ಲಿ ಉಳಿಯುವ ವ್ಯತ್ಯಾಸ) 10⁻⁸ ಇಡಿ. ಒಳಗೆ ಸಿಂಗಲ್ ಪ್ರಿಸಿಶನ್ ಓಡಿದರೂ ನಡುನಡುವೆ ನಿಜವಾದ ರೆಸಿಡ್ಯುಯಲ್ಲನ್ನು ಡಬಲ್‌ನಲ್ಲಿ ಲೆಕ್ಕ ಹಾಕಿಸಿ, ಕೊನೆಯಲ್ಲಿ ಲಾಗ್ ಫೈಲ್‌ನಲ್ಲಿ ಅದನ್ನೇ ನೋಡಿ. ಪುನರಾವರ್ತನೆಯಲ್ಲಿ ಅಂದಾಜಿಸಿದ ರೆಸಿಡ್ಯುಯಲ್ 10⁻⁸ ತೋರಿಸಿ ನಿಜವಾದದ್ದು 10⁻⁵ ಇರುವುದು ಅಪರೂಪವಲ್ಲ.

ಡಿಸ್ಕ್: ಕಾನ್ಫಿಗರೇಶನ್ ಡಬಲ್ ಪ್ರಿಸಿಶನ್‌ನಲ್ಲಿ ಬಿಂದುವಿಗೆ 576 ಬೈಟ್, ಒಂದಕ್ಕೆ 75 ಎಂಬಿ. ಪ್ರೊಪಗೇಟರ್ ಬಿಂದುವಿಗೆ 2304 ಬೈಟ್, 300 ಎಂಬಿ. 960 ಪ್ರೊಪಗೇಟರ್ ಉಳಿಸಿಟ್ಟರೆ 290 ಜಿಬಿ. ಉಳಿಸಬೇಡಿ, ಕಂಟ್ರಾಕ್ಷನ್ ಮುಗಿದ ಕೂಡಲೇ ಅಳಿಸಿ. ಕೋರಿಲೇಟರ್ ಮಾತ್ರ ಇಡಿ, ಸರಾಸರಿಯಲ್ಲ, ಸೋರ್ಸ್‌ಗೊಂದರಂತೆ.

ಫರ್ಮಿಪಟ್ಟಿ

ಮುಂದೆ ಕ್ವೆಂಚ್ಡ್ ಬಿಟ್ಟು ಹೋಗುವ ಆಲೋಚನೆ ಇದ್ದರೆ ಇದನ್ನೂ ಗಮನಿಸಿ. ಕ್ವೆಂಚ್ಡ್‌ನ ಗರಿಷ್ಠ ಪ್ರಯತ್ನ ಜಪಾನಿನ ಸಿಪಿ-ಪ್ಯಾಕ್ಸ್ ತಂಡದ್ದು. ಬೀಟಾ 5.90ರಿಂದ 6.47ರವರೆಗೆ ನಾಲ್ಕು ಅಂತರ, ಪೆಟ್ಟಿಗೆ 3 ಫರ್ಮಿ ಸುಮಾರು. ಅಷ್ಟು ಮಾಡಿದ ಮೇಲೂ ಹ್ಯಾಡ್ರಾನ್ ದ್ರವ್ಯರಾಶಿಗಳು ಪ್ರಯೋಗದಿಂದ ಶೇಕಡಾ 10ರವರೆಗೆ ದೂರ ಉಳಿದವು. ಅದು ಕ್ವೆಂಚಿಂಗ್‌ನದೇ ದೋಷ, ಕಂಪ್ಯೂಟರ್ ಹೆಚ್ಚಿಸಿದರೆ ಹೋಗುವಂಥದ್ದಲ್ಲ. ನಿಮ್ಮ ವರದಿಯಲ್ಲಿ ಪ್ರೋಟಾನ್ 938ಕ್ಕೆ ಸರಿಯಾಗಿ ಬಂದಿದ್ದರೆ ನಾನಾದರೂ ಎರಡನೇ ಸಲ ಪ್ರಶ್ನೆ ಕೇಳುತ್ತೇನೆ. ಬಿಎಂಡಬ್ಲ್ಯು ತಂಡ 2008ರಲ್ಲಿ ಅಪ್, ಡೌನ್, ಸ್ಟ್ರೇಂಜ್ ಮೂರನ್ನೂ ಡೈನಮಿಕಲ್ ಆಗಿ ಇಟ್ಟು, ಅಂತರ ಮತ್ತು ಪೆಟ್ಟಿಗೆಯ ಮಿತಿಗಳನ್ನೂ ತೆಗೆದು ನ್ಯೂಕ್ಲಿಯಾನ್‌ಗೆ 936 ಎಂಇವಿ ಕೊಟ್ಟಿತು, ಸಂಖ್ಯಾಶಾಸ್ತ್ರೀಯ ಎರರ್ 25, ಸಿಸ್ಟಮ್ಯಾಟಿಕ್ 22. ಅದೇ ತಂಡ 2015ರಲ್ಲಿ ವಿದ್ಯುತ್ಕಾಂತ ಬಲವನ್ನೂ ಸೇರಿಸಿ ನ್ಯೂಟ್ರಾನ್–ಪ್ರೋಟಾನ್ ವ್ಯತ್ಯಾಸ 1.51 ಎಂಇವಿ ಎಂದು ಲೆಕ್ಕ ಹಾಕಿತು, ಪ್ರಯೋಗದ್ದು 1.29, ಎರರ್ ಒಳಗೇ ಇದೆ.

ಡೈನಮಿಕಲ್ ಕಾನ್ಫಿಗರೇಶನ್ ನೀವೇ ಹುಟ್ಟಿಸಬೇಕಿಲ್ಲ. ಪ್ಯಾಕ್ಸ್-ಸಿಎಸ್ ತಂಡದವು ಅಂತಾರಾಷ್ಟ್ರೀಯ ಲ್ಯಾಟಿಸ್ ಡೇಟಾ ಗ್ರಿಡ್ ಮೂಲಕ ಹಂಚಿಕೆಯಾಗಿವೆ: 32³×64, ಇವಾಸಾಕಿ ಗೇಜ್ ಆ್ಯಕ್ಷನ್ ಬೀಟಾ 1.90, ಕ್ಲೋವರ್ ಗುಣಾಂಕ 1.715, ಅಂತರ 0.0907 ಫರ್ಮಿ, ಪಯಾನ್ 702ರಿಂದ 156 ಎಂಇವಿವರೆಗೆ. ಕೊನೆಯದು ಆಸೆ ಹುಟ್ಟಿಸುತ್ತದೆ, ಆದರೆ ಅಲ್ಲಿ ಪಯಾನ್ ಗುಣಿಸು ಪೆಟ್ಟಿಗೆ 2.3 ಮಾತ್ರ. ಮುಂಬೈನ ಟಿಐಎಫ್‌ಆರ್ ಗುಂಪು ಚಾರ್ಮ್, ಬಾಟಮ್ ಹ್ಯಾಡ್ರಾನ್‌ಗಳ ಲೆಕ್ಕಕ್ಕೆ ಹೀಗೇ ಮಿಲ್ಕ್ ತಂಡದ ಕಾನ್ಫಿಗರೇಶನ್ ಮೇಲೆ ತಮ್ಮದೇ ಓವರ್‌ಲ್ಯಾಪ್ ಕ್ವಾರ್ಕ್ (ಕೈರಲ್ ಸಿಮೆಟ್ರಿ ಉಳಿಸುವ ಬಗೆ) ಇಟ್ಟು ಕೆಲಸ ಮಾಡಿದೆ. ಭಾರದ ಕ್ವಾರ್ಕ್‌ಗೆ ಹೋದರೆ ಜಯಣ್ಣ ಹೇಳಿದ 10⁻⁸ ಸಾಲದು. ದೂರದ ಕಾಲದಲ್ಲಿ ಪ್ರೊಪಗೇಟರ್ ಎಷ್ಟು ಸಣ್ಣದಾಗುತ್ತದೆಂದರೆ, ಒಟ್ಟು ರೆಸಿಡ್ಯುಯಲ್ ಚೆನ್ನಾಗಿದ್ದರೂ ಅಲ್ಲಿನ ಅಂಕಿಗಳೆಲ್ಲ ಕಸವೇ ಆಗಿರಬಹುದು.

ಡೌನ್‌ಲೋಡ್ ಮಾಡಿದ ಫೈಲ್ ಓದಿದ ಕೂಡಲೇ ಪ್ಲಾಕೆಟ್ ಲೆಕ್ಕ ಹಾಕಿ, ಅದರ ಜೊತೆ ಬರುವ ಮೆಟಾಡೇಟಾದ ಬೆಲೆಗೆ ಹೋಲಿಸಿ. ಈ ಫೈಲ್‌ಗಳು ಬಿಗ್ ಎಂಡಿಯನ್, ನಿಮ್ಮ ಯಂತ್ರ ಲಿಟಲ್ ಎಂಡಿಯನ್, ಅಂದರೆ ಬೈಟ್ ಕ್ರಮ ತಿರುಗುಮುರುಗು. ಬೈಟ್ ತಿರುಗಿಸದೆ ಓದಿದರೆ ಅಸಂಬದ್ಧ ಸಂಖ್ಯೆ ಬಂದು ಗೊತ್ತಾಗಿಬಿಡುತ್ತದೆ. ಗೊತ್ತಾಗದೆ ಕಾಡುವುದು ಕಾಲ ಮತ್ತು ಸ್ಥಳದ ದಿಕ್ಕು ಅದಲುಬದಲಾದದ್ದು. ಸರಾಸರಿ ಪ್ಲಾಕೆಟ್ ಸರಿಯಾಗೇ ಬರುತ್ತದೆ. ಹಾಗಾಗಿ ಸ್ಥಳ–ಸ್ಥಳ ಮತ್ತು ಸ್ಥಳ–ಕಾಲ ಪ್ಲಾಕೆಟ್‌ಗಳ ಜೊತೆಗೆ ಕಾಲದ ದಿಕ್ಕಿನ ಪಾಲಿಯಕೋವ್ ಲೂಪನ್ನೂ (ಆ ದಿಕ್ಕಿನ ಲಿಂಕ್‌ಗಳನ್ನೆಲ್ಲ ಒಂದು ಸುತ್ತು ಗುಣಿಸಿದ ಟ್ರೇಸ್) ಮುದ್ರಿಸಿ, ಅದು ಮೆಟಾಡೇಟಾದಲ್ಲಿ ಇಲ್ಲದಿದ್ದರೆ ಒಂದೇ ಕಾನ್ಫಿಗರೇಶನನ್ನು ಎರಡು ಬೇರೆ ಕೋಡ್‌ನಲ್ಲಿ ಓದಿ ಪಯಾನ್ ಕೋರಿಲೇಟರನ್ನು ಅಂಕಿಗೆ ಅಂಕಿ ಹೋಲಿಸಿ.